ತಪಸ್ಸು ಕಾಲದಲ್ಲಿ ಒಂದು ಮದುವೆ

ಮೊನ್ನೆ ಶುಕ್ರವಾರ ಪೂಜೆ ಮುಗಿಯುವ ಹೊತ್ತಿಗೆ ಫಾದರ್ ಮದುವೆ ಘೋಷಣೆಯ ಕಾಗದ ಬಿಡಿಸಿದರು. ನನ್ನ ಬಲಗಾಲಿನ ಮಂಡಿ ತನ್ನಷ್ಟಕ್ಕೆ ಕುಣಿಯತೊಡಗಿತು. ಪಕ್ಕದಲ್ಲಿದ್ದ ನನ್ನ ಗಂಡ ವಲೇರಿಯನ್ ಅದರ ಮೇಲೆ ಕೈಯಿಟ್ಟು, "ಯಾರದ್ದೋ ಮದುವೆ ಮಾರಾಯ್ತಿ, ನಿನಗೆಂತ?" ಎಂದು ಪಿಸುಗುಟ್ಟಿದರು. ನನಗೇನೂ ಇಲ್ಲ, ಹೌದು. ಹುಡುಗ ಯಾರೋ, ಹುಡುಗಿ ಯಾರೋ. ಆದರೂ "ಈ ಮದುವೆಗೆ ಅಡ್ಡಿಯೇನಾದರೂ ಇರುವುದು ಯಾರಿಗಾದರೂ ಗೊತ್ತಿದ್ದರೆ ತಿಳಿಸಬೇಕು" ಎಂಬ ಕೊನೆಯ ಸಾಲು ದಾಟುವವರೆಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ನನ್ನ ತಂಗಿ ಐವಿಯ ಆ ಚಳಿಗಾಲ ಕಳೆದಂದಿನಿಂದ ಹೀಗೆ.

ಊರಲ್ಲಿ ಇದಕ್ಕೆ ಚೀಟಿ ಓದುವುದು ಎನ್ನುತ್ತಾರೆ. ಅಲ್ಲಿ ಮೂರು ಭಾನುವಾರ ಓದಿದರೆ ಇಲ್ಲಿ ಕುವೈತಿನಲ್ಲಿ ಮೂರು ಶುಕ್ರವಾರ, ಯಾಕೆಂದರೆ ರಜೆ ಇರುವುದೇ ಶುಕ್ರವಾರ, ನಮ್ಮ ಭಾನುವಾರವೂ ಅದೇ. ಇಷ್ಟು ವರ್ಷ ಕೊಂಕಣಿ ಪೂಜೆಯಲ್ಲಿ ಹಾಡುವವರ ಸಾಲಿನಲ್ಲಿ ನಿಂತು ನಿಂತು ಈ ಚರ್ಚಿನ ಮದುವೆಗಳ ನಾಡಿ ನನಗೆ ಗೊತ್ತಾಗಿದೆ. ಕ್ರಿಸ್ಮಸ್‌ಗೆ ಮುಂಚೆ ಆಗಮನ ಕಾಲದಲ್ಲಿ ಮದುವೆ ಇಲ್ಲ. ಜನವರಿ ಬಂತೆಂದರೆ ಒಂದರ ಮೇಲೊಂದು, ಸೀರೆಗೆ ಇಸ್ತ್ರಿ ಹಾಕಲಿಕ್ಕೂ ಪುರುಸೊತ್ತಿಲ್ಲ. ಬೂದಿ ಬುಧವಾರ ಬಂದು ಹಣೆಗೆ ಬೂದಿ ಹಚ್ಚಿಸಿಕೊಂಡೆವೋ, ಖಲಾಸ್, ಈಸ್ಟರ್‌ವರೆಗೆ ತಪಸ್ಸು ಕಾಲ, ಮದುವೆಯ ಸುದ್ದಿ ಎತ್ತುವಂತಿಲ್ಲ. ಯಾರಿಗೆ ಯಾರು ಎನ್ನುವುದಕ್ಕೂ ಒಂದು ದಾರಿ ಇದೆ. ನರ್ಸ್ ಹುಡುಗಿಗೆ ಅವಳ ವಾರ್ಡಿನ ಇನ್ನೊಬ್ಬ ನರ್ಸಿನ ತಮ್ಮ. ಆಯಿಲ್ ಕಂಪನಿಯ ಹುಡುಗನಿಗೆ ಅವನ ಸೂಪರ್‌ವೈಸರನ ನಾದಿನಿ. ಮೂರನೇ ಮಹಡಿಯವರಿಗೆ ಅದೇ ಕಟ್ಟಡದ ಐದನೇ ಮಹಡಿಯವರು. ಊರಲ್ಲಿ ಮೊದಲು ಮನೆತನ ಕೇಳುತ್ತಾರೆ, ಇಲ್ಲಿ ಇಕಾಮಾ ಯಾವ ಕಂಪನಿಯದ್ದು ಎಂದು ಕೇಳುತ್ತಾರೆ. ಇರಲು ಸರಕಾರ ಕೊಡುವ ಆ ಪರವಾನಗಿ ಇದ್ದರೆ ತಾನೇ ಮದುವೆ, ಮನೆ, ಮಕ್ಕಳು?

ಕೊಂಕಣಿಯಲ್ಲಿ ಸೊಯ್ರಿಕ್ ಎನ್ನುವ ಈ ಸಂಬಂಧ ಕುದುರಿಸುವ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಹಗಲೆಲ್ಲ ಹವಲ್ಲಿಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಬಿಲ್ ಮಾಡುವುದು, ಶುಕ್ರವಾರ ಚರ್ಚಿನ ಅಂಗಳದಲ್ಲಿ ಹುಡುಗ ಹುಡುಗಿಯರ ಮೇಲೆ ಕಣ್ಣಿಡುವುದು. ಎಷ್ಟೋ ಜೋಡಿ ನನ್ನ ಕೈಯಿಂದ ಕೂಡಿ ಬಂದಿವೆ. ಅಂಥ ನನಗೆ ನನ್ನ ತಂಗಿಯ ಮನಸ್ಸಿನಲ್ಲಿ ಏನಿದೆ ಎಂದು ಗೊತ್ತಾಗಲಿಲ್ಲ. ಈಗ ನೆನೆಸಿಕೊಂಡರೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಐವಿಯ ಗಂಡ ಸ್ಟ್ಯಾನಿ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಒಳ್ಳೆಯ ಹುಡುಗ. ಕೆಲಸದಿಂದ ಬಂದು ಶೂ ಬಿಚ್ಚುತ್ತಾ ಕೂತವನು ಏಳಲಿಲ್ಲ. ಮಗಳು ರಿಯಾಳಿಗೆ ಆಗ ಒಂದು ವರ್ಷ. ಐವಿ ಊರಿಗೆ ಹೋಗಲಿಲ್ಲ. ಅಬು ಹಲೀಫಾದಲ್ಲಿ ಸಮುದ್ರದ ಬದಿಯ ಕಟ್ಟಡದಲ್ಲಿ ಒಂದು ರೂಮು ಹಿಡಿದು, ಹತ್ತಿರದ ಸಣ್ಣ ಕ್ಲಿನಿಕ್ಕಿನಲ್ಲಿ ನರ್ಸ್ ಕೆಲಸ ಮಾಡುತ್ತಾ ಮಗುವನ್ನು ಸಾಕುತ್ತಿದ್ದಳು. ನಾವಿದ್ದದ್ದು ಫರ್ವಾನಿಯಾದಲ್ಲಿ. ಪ್ರತಿ ಶುಕ್ರವಾರ ಪೂಜೆಯ ನಂತರ ಅವರಿಬ್ಬರೂ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದರು, ಜೊತೆಗೆ ಜೋಬಿಯೂ.

ಜೋಬಿ ಯಾರೆಂದು ಹೇಳಬೇಕು. ಕೇರಳದ ಪಾಲಾ ಕಡೆಯವನು, ಸ್ಟ್ಯಾನಿ ಬ್ರಹ್ಮಚಾರಿಯಾಗಿದ್ದಾಗ ಅವನ ರೂಮ್‌ಮೇಟ್. ಒಂದೇ ಕಂಪನಿ, ಒಂದೇ ಸ್ಟವ್, ಒಂದೇ ಇಸ್ತ್ರಿ ಪೆಟ್ಟಿಗೆ. ಕನ್ನಡವನ್ನೂ ಕೊಂಕಣಿಯನ್ನೂ ಸ್ಟ್ಯಾನಿಯಿಂದಲೇ ಕಲಿತು ಎರಡನ್ನೂ ಬೆರೆಸಿ ಮಾತಾಡುತ್ತಿದ್ದ. ರಿಯಾ ಹುಟ್ಟಿದಾಗ ಅವಳ ದೀಕ್ಷಾಸ್ನಾನಕ್ಕೆ ಜ್ಞಾನತಂದೆಯಾಗಿ ನಿಲ್ಲಬೇಕಾಗಿದ್ದದ್ದು ಸ್ಟ್ಯಾನಿಯ ಅಣ್ಣ. ಅವನಿಗೆ ವೀಸಾ ಆಗಲಿಲ್ಲ. "ಇಲ್ಲಿ ನಮಗೆ ಬೇರೆ ಯಾರಿದ್ದಾರೆ? ಜೋಬಿ ನಿಲ್ಲಲಿ" ಎಂದ ಸ್ಟ್ಯಾನಿ. ಜೋಬಿ ಸ್ಟ್ಯಾನಿಯದ್ದೇ ಒಂದು ಬಿಳಿ ಅಂಗಿ ಹಾಕಿಕೊಂಡು ಬಂದು, ತಲೆಗೆ ನೀರು ಹೊಯ್ಯುವಾಗ ಮಗುವನ್ನು ಹಿಡಿದು, ಇದನ್ನು ಕ್ರೈಸ್ತ ವಿಶ್ವಾಸದಲ್ಲಿ ಬೆಳೆಸಲು ನೆರವಾಗುತ್ತೇನೆ ಎಂದು ಮಾತು ಕೊಟ್ಟ. ಜ್ಞಾನತಾಯಿ ನಾನು. ಗಲ್ಫಿನಲ್ಲಿ ನಾವು ಎಲ್ಲರೂ ಹೀಗೇ ಮಾಡುವುದು. ಅಣ್ಣ ತಮ್ಮಂದಿರು ಊರಲ್ಲಿ, ಆದ್ದರಿಂದ ಪಕ್ಕದ ಮಂಚದಲ್ಲಿ ಮಲಗುವವನೇ ಬಂಧು. ಯಾರೂ ಎರಡನೇ ಸಲ ಯೋಚಿಸುವುದಿಲ್ಲ.

ಆ ವರ್ಷ ನವೆಂಬರಿನಲ್ಲಿ ಮಳೆ ಬಂದು ಫರ್ವಾನಿಯಾದ ರಸ್ತೆಗಳಲ್ಲಿ ಮೊಣಕಾಲು ನೀರು ನಿಂತಿತ್ತು. ಅದೇ ವಾರ ಐವಿ ಸುದ್ದಿ ತಂದಳು. ಅವಳ ಕ್ಲಿನಿಕ್ ಮುಚ್ಚುತ್ತದೆ, ಇಕಾಮಾ ಮಾರ್ಚ್ ಕೊನೆಯವರೆಗೆ ಮಾತ್ರ. ಬೇರೆ ಕೆಲಸಕ್ಕೆ ಕಫೀಲ್, ಅಂದರೆ ಹೊಣೆ ಹೊರುವ ಧಣಿ, ಸಿಕ್ಕದಿದ್ದರೆ ಮಗುವನ್ನು ಕಟ್ಟಿಕೊಂಡು ಊರಿಗೆ. ನಾನು ತಡಮಾಡಲಿಲ್ಲ. ಫಹಾಹೀಲ್‌ನಲ್ಲಿ ಬಜ್ಪೆ ಕಡೆಯ ಒಬ್ಬ ವಿಧುರ ಇದ್ದ, ಒಳ್ಳೆಯ ಕೆಲಸ, ಮಕ್ಕಳಿಲ್ಲ. ಶುಕ್ರವಾರ ಊಟದ ನಂತರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಅವನ ಗುಣಗಾನ ಶುರು ಮಾಡಿದೆ.

ಐವಿ ನೀರಿನ ನಲ್ಲಿ ನಿಲ್ಲಿಸಿದಳು. "ಅಕ್ಕಾ, ನೀನು ಹುಡುಕೋದು ನಿಲ್ಸು."

"ಯಾಕೆ? ಜೀವಮಾನ ಇಡೀ ಹೀಗೇ ಇರ್ತಿಯಾ?"

"ಇಲ್ಲ. ಜೋಬಿಯನ್ನು ಮದುವೆ ಆಗ್ತೇನೆ."

ನನ್ನ ಕೈಯಿಂದ ಸೌಟು ಸಿಂಕಿಗೆ ಬಿತ್ತು. ಹೊರಗೆ ಹಾಲ್‌ನಲ್ಲಿ ಜೋಬಿ ನೆಲದ ಮೇಲೆ ಕೂತು ರಿಯಾಳ ಗೊಂಬೆಯ ಕೈ ಸಿಕ್ಕಿಸುತ್ತಿದ್ದ. ವರ್ಷಗಟ್ಟಲೆ ಅವನಿಗೆ ನಾನು ಮೀನು ಸಾರು ಬಡಿಸಿದ್ದೇನೆ. ಅವನು ಮನೆಗೆ ಹೋಗುವ ಮುಂಚೆ ಐವಿಯ ರೂಮಿನ ಗ್ಯಾಸ್ ಸಿಲಿಂಡರ್ ಬದಲಿಸಿ ಹೋಗುವುದನ್ನೂ, ಐವಿ ಮೀನಿನ ತಲೆಯ ಭಾಗ ಅವನ ತಟ್ಟೆಗೇ ಹಾಕುವುದನ್ನೂ ನೋಡಿದ್ದೇನೆ. ನೋಡಿಯೂ ಕಾಣಲಿಲ್ಲ. "ಯಾವಾಗಿಂದ?" ಎಂದು ಕೇಳಿದೆ. "ಗೊತ್ತಿಲ್ಲ" ಎಂದಳು. "ಹೋದ ಬೇಸಿಗೆಯಲ್ಲಿ ಅವರು ರಜೆಗೆ ಹೋಗಿದ್ರಲ್ಲ, ಆಗ ಗೊತ್ತಾಯ್ತು." ಇದನ್ನು ಹೇಳುವಾಗ ಅವಳ ಮುಖ ಕೆಂಪಾಯಿತು. ಸ್ಟ್ಯಾನಿ ಹೋದ ಮೇಲೆ ಆ ಮುಖದಲ್ಲಿ ಅಂಥ ಬಣ್ಣ ನಾನು ಕಂಡದ್ದು ಅದೇ ಮೊದಲು. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಕಲ್ಯಾಣಪುರದಲ್ಲಿ ಅಣ್ಣನ ಮನೆಯಲ್ಲಿರುವ ನಮ್ಮ ಮಾಂಯ್‌ಗೆ, ಅಂದರೆ ಅಮ್ಮನಿಗೆ, ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಪಪ್ಪ ಹೋದರು. ಮಾಂಯ್ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಾ ನಮ್ಮ ಮೂವರನ್ನು ಸಾಕಿದಳು. ಊರಿನ ಚರ್ಚಿನಲ್ಲಿ ಇವತ್ತಿಗೂ ಅವಳನ್ನು ತೋರಿಸಿ "ಮಕ್ಕಳಿಗೋಸ್ಕರವೇ ಬದುಕಿದವಳು" ಎನ್ನುತ್ತಾರೆ. ಮಲಯಾಳಿ ಎಂದರೆ ಒಂದಿಷ್ಟು ಗೊಣಗಬಹುದು, ಆಮೇಲೆ ಸರಿಹೋಗುತ್ತಾಳೆ ಎಂದು ನಾನು ಲೆಕ್ಕ ಹಾಕಿದ್ದೆ. ಅವಳು ಮಲಯಾಳಿಯ ವಿಷಯವನ್ನೇ ಎತ್ತಲಿಲ್ಲ.

"ಜೋಬಿ ಅಂದ್ರೆ ರಿಯಾಳನ್ನು ಹಿಡಿದವನಲ್ವಾ?" ಎಂದಳು. "ದೇವರ ಎದುರು ಮಗುವನ್ನು ಹಿಡಿದ ಮೇಲೆ ಅವನು ನಿಮಗೆ ಒಡಹುಟ್ಟಿದವನ ಹಾಗೆ. ಅಣ್ಣನನ್ನು ಮದುವೆ ಆಗ್ತಾರಾ ಯಾರಾದ್ರೂ?"

"ಅದೆಲ್ಲ ಹಿಂದಿನ ಕಾಲದ್ದು ಮಾಂಯ್."

"ಬ್ಯಾಪ್ಟಿಸಮ್ಮು ಹಿಂದಿನ ಕಾಲದ್ದಾ? ಅದಕ್ಕೆ ಕಾಲ ಉಂಟಾ?" ಎಂದು ಫೋನ್ ಇಟ್ಟುಬಿಟ್ಟಳು. ಆಮೇಲೆ ಐವಿ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ನನ್ನ ಹತ್ತಿರ ಮಾತಾಡುತ್ತಿದ್ದಳು, ಐವಿಯ ಹೆಸರು ಬಂದರೆ ಬೆನ್ನು ನೋವಿನ ವಿಷಯಕ್ಕೆ ಹೊರಳುತ್ತಿದ್ದಳು.

ನಾನು ಸುಮ್ಮನಿರುವವಳಲ್ಲ. ಮುಂದಿನ ಶುಕ್ರವಾರವೇ ನಮ್ಮ ಫಾದರ್ ಹತ್ತಿರ ಹೋಗಿ, ಜ್ಞಾನತಂದೆಯೂ ಮಗುವಿನ ತಾಯಿಯೂ ಮದುವೆಯಾಗಬಹುದೇ ಎಂದು ಕೇಳಿದೆ. ಅವರೂ ನಮ್ಮ ಕರಾವಳಿಯವರೇ, ವಯಸ್ಸಾದವರು, ಜನರ ಗಡಿಬಿಡಿಯನ್ನು ನೋಡಿ ನೋಡಿ ಅಭ್ಯಾಸವಾದವರು. ಅಂಗಳದಲ್ಲಿ ನೂರು ಜನ ಅವರಿಗಾಗಿ ಕಾಯುತ್ತಿದ್ದರು. "ಹಿಂದೆ ಇತ್ತು ಆ ಅಡ್ಡಿ" ಎಂದು ನಕ್ಕರು. "ನೀನು ಫ್ರಾಕ್ ಹಾಕುವ ಕಾಲಕ್ಕೇ ತೆಗೆದಾಗಿದೆ. ಯಲ್ಲಾ, ನಡಿ ನಡಿ, ಹೋಗಿ ಮದುವೆ ತಯಾರಿ ಮಾಡು." ನಾನು ಅಲ್ಲೇ ಅವರ ಕೈಗೆ ಮುತ್ತಿಟ್ಟೆ. ಯಾರ ಮದುವೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ನನ್ನನ್ನು ಹಿಡಿಯುವವರುಂಟೇ! ಜನವರಿಯಲ್ಲಿ ಮೂರು ಶುಕ್ರವಾರ ಘೋಷಣೆ, ಬೂದಿ ಬುಧವಾರಕ್ಕೆ ಮುಂಚೆ ಮದುವೆ, ಮಾರ್ಚಿನೊಳಗೆ ಹೆಂಡತಿ ಎಂದು ಐವಿಯ ಇಕಾಮಾ ಜೋಬಿಯ ಹೆಸರಿಗೆ. ಕೇಕಿನವನಿಗೆ ಹೇಳಿದೆ, ಹಾಡಿನವರಿಗೆ ಹೇಳಿದೆ. ಮದುಮಗ ಕೊಡುವ ಕೆಂಪು ಸೀರೆಗೆ ನಮ್ಮಲ್ಲಿ ಸಾಡೊ ಎನ್ನುತ್ತಾರೆ. ಅವರಲ್ಲೂ ಅಂಥದ್ದೇ ಒಂದು ಪದ್ಧತಿ ಇದೆಯಂತೆ, ಮಂತ್ರಕೋಡಿ ಎಂದು. ಜೋಬಿ ತಾನೇ ಹೋಗಿ ಸೀರೆ ತಂದ. "ಚೇಚಿ, ನಿಮ್ಮ ಕೆಂಪು ಇದೇ ಅಲ್ವಾ?" ಎಂದು ನನಗೆ ಗುಟ್ಟಾಗಿ ಬಿಚ್ಚಿ ತೋರಿಸಿದ. ಚೇಚಿ ಎಂದರೆ ಅವರಲ್ಲಿ ಅಕ್ಕ. ನಲವತ್ತರ ಗಂಡಸು ಸೀರೆಯ ಅಂಚು ಹಿಡಿದು ನಾಚುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಜನವರಿಯ ಮೊದಲ ವಾರ ಮದುವೆಗೆ ಮುಂಚಿನ ವಿಚಾರಣೆಗೆಂದು ಫಾದರ್ ಅವರಿಬ್ಬರನ್ನು ಕರೆದರು. ನಾನೂ ಹೋಗಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತೆ. ಫಾದರ್ ಕೇಳುತ್ತಾ ಬರೆದುಕೊಳ್ಳುತ್ತಿದ್ದರು. ಹೆಸರು, ಊರು, ಕೆಲಸ. "ಒಬ್ಬರಿಗೊಬ್ಬರು ಹೇಗೆ ಪರಿಚಯ?" ಎಂದು ಕೇಳಿದರು.

ಜೋಬಿ ಎದೆ ಉಬ್ಬಿಸಿ, "ಫಾದರ್, ಮಗುವಿನ ಜ್ಞಾನತಂದೆ ನಾನೇ" ಎಂದ.

"ಓ, ಮೊನ್ನೆ ಗ್ರೆಟ್ಟಾ ಕೇಳಿದ್ದು ನಿಮ್ಮ ವಿಷಯವಾ?" ಎಂದು ಫಾದರ್ ನನ್ನ ಕಡೆ ನೋಡಿದರು. ಆಮೇಲೆ ಅವರು ತಾವೇ ಬರೆದದ್ದನ್ನು ಇನ್ನೊಮ್ಮೆ ಓದಿದರು. "ನೀನು ಪಾಲಾದವನು. ಸಿರಿಯನ್ ಕ್ಯಾಥೊಲಿಕ್?"

"ಹೌದು ಫಾದರ್."

ಪೆನ್ನು ನಿಂತಿತು. ಫಾದರ್ ನಿಧಾನವಾಗಿ ವಿವರಿಸಿದರು. ನಾವು ಮಂಗಳೂರಿನವರು ಲ್ಯಾಟಿನ್ ಪದ್ಧತಿಯವರು, ನಮ್ಮ ಕಾನೂನಿನಿಂದ ಆ ಅಡ್ಡಿಯನ್ನು ತೆಗೆದಿದ್ದಾರೆ. ಕೇರಳದ ಸಿರಿಯನ್ ಕ್ಯಾಥೊಲಿಕರು ಪೂರ್ವದ ಪದ್ಧತಿಯವರು. ಚರ್ಚು ಒಂದೇ, ಪೋಪರು ಒಬ್ಬರೇ, ಕಾನೂನಿನ ಪುಸ್ತಕ ಬೇರೆ. ಅದರಲ್ಲಿ ಜ್ಞಾನತಂದೆಗೂ ಮಗುವಿನ ತಾಯಿಗೂ ಮದುವೆಯಾಗುವಂತಿಲ್ಲ ಎಂಬ ನಿಯಮ ಇವತ್ತಿಗೂ ಇದೆ. ಮಾಡಿದರೆ ಆ ಮದುವೆ ಮದುವೆಯೇ ಅಲ್ಲ.

ಮಾಂಯ್ ಹೇಳಿದ್ದೇ ಸರಿಯಾಯಿತಲ್ಲ ಎಂದು ನನಗೆ ಮೈ ಉರಿಯಿತು. ಜೋಬಿಯ ಮುಖ ನೋಡಲಾಗುತ್ತಿರಲಿಲ್ಲ. ತಾನು ಹೆಮ್ಮೆಯಿಂದ ಹೇಳಿದ ಮಾತೇ ತನ್ನ ಕುತ್ತಿಗೆಗೆ ಬಂತಲ್ಲ ಎಂದು ಅವನು ಬಾಯಿ ಬಿಟ್ಟು ಕೂತಿದ್ದ. "ಫಾದರ್, ಆವತ್ತು ಸ್ಟ್ಯಾನಿ ಬಾ ಅಂದ, ನಾನು ಬಂದೆ. ಅಷ್ಟೇ. ಅದು ತಪ್ಪಾ?" ಎಂದ.

"ತಪ್ಪಲ್ಲ ಮಗಾ. ಒಳ್ಳೆಯದೇ ಮಾಡಿದ್ದಿ" ಎಂದರು ಫಾದರ್. "ಬಿಷಪರು ವಿನಾಯಿತಿ ಕೊಡಬಹುದು. ಕೇಳಬೇಕು. ಎಷ್ಟು ದಿನ ಹಿಡಿಯುತ್ತದೆ ಎಂದು ನಾನು ಹೇಳಲಾರೆ. ಮತ್ತೆ, ಸುಮ್ಮನೆ ಕೇಳಿದರೆ ಆಗುವುದಿಲ್ಲ. ಯಾಕೆ ಕೊಡಬೇಕು ಎಂದು ಸರಿಯಾದ ಕಾರಣ ಬರೆಯಬೇಕು."

"ಕಾರಣ ಇದೆಯಲ್ಲ ಫಾದರ್!" ನಾನು ಎದ್ದೇ ನಿಂತೆ. "ಆ ಮಗು. ತಂದೆಯಿಲ್ಲದ ಮಗುವಿಗೆ ಒಬ್ಬ ತಂದೆ ಬೇಕು."

"ಹೌದು ಫಾದರ್, ಮಗುವಿಗೋಸ್ಕರ" ಎಂದ ಜೋಬಿ.

ಫಾದರ್ ತಲೆಯಾಡಿಸಿ ಬರೆಯಲು ಬಗ್ಗಿದರು. ಅಷ್ಟು ಹೊತ್ತು ಮಡಿಲಲ್ಲಿ ಕೈಚೀಲ ಅವುಚಿಕೊಂಡು ಕೂತಿದ್ದ ಐವಿ, "ಹಾಗೆ ಬರೀಬೇಡಿ" ಎಂದಳು.

ನಾನು ಅವಳ ಭುಜ ಹಿಂಡಿದೆ. ಅವಳು ನನ್ನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟಳು. "ಮಗುವಿಗೆ ಇವರು ಆಗಲೇ ಇದ್ದಾರೆ ಫಾದರ್. ನನ್ನನ್ನು ಮದುವೆ ಆಗದಿದ್ರೂ ರಿಯಾಳ ಶಾಲೆಗೆ ಬರ್ತಾರೆ, ಅವಳಿಗೆ ಜ್ವರ ಬಂದ್ರೆ ಓಡಿ ಬರ್ತಾರೆ. ಅದು ಆವತ್ತು ಇಲ್ಲೇ ಕೊಟ್ಟ ಮಾತು. ಮಗುವಿನ ಹೆಸರು ಹೇಳಿ ನಾನು ಕೇಳೋದಿಲ್ಲ. ಇದು ನನಗೋಸ್ಕರ. ನನಗಿನ್ನೂ ಮೂವತ್ತನಾಲ್ಕು ವರ್ಷ. ಮನೆಗೆ ಬಂದ್ರೆ ನನಗೆ ಮಾತಾಡ್ಲಿಕ್ಕೆ ಜನ ಬೇಕು, ನನ್ನ ಪಕ್ಕ ಜನ ಬೇಕು. ನನಗೆ ಗಂಡ ಬೇಕು ಫಾದರ್. ಯಾರೋ ಒಬ್ಬ ಅಲ್ಲ, ಇವರೇ. ಹಾಗೆ ಬರೀಲಿಕ್ಕೆ ಆಗ್ತದಾ?"

ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ನಮ್ಮ ಮನೆಯಲ್ಲಿ ಯಾವ ಹೆಂಗಸೂ ಪಾದ್ರಿಯ ಎದುರು ಹೀಗೆ ಮಾತಾಡಿದ್ದಿಲ್ಲ. ಫಾದರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಆಗ್ತದೆ" ಎಂದರು. "ನೀನು ಹೇಳಿದ ಹಾಗೆಯೇ ಬರೀತೇನೆ." ಜೋಬಿ ತಲೆ ತಗ್ಗಿಸಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅತ್ತನೋ ನಕ್ಕನೋ ನನಗೆ ಗೊತ್ತಾಗಲಿಲ್ಲ.

ಕಾಗದ ಹೋಯಿತು. ಬಿಷಪರ ಕಚೇರಿ ಇರುವುದು ಬೇರೆ ದೇಶದಲ್ಲಿ. ಕಾಯುವುದು ಶುರುವಾಯಿತು. ಕಾಯುವುದಕ್ಕೆ ನನ್ನಷ್ಟು ನಾಲಾಯಕ್ಕಿನವಳು ಇನ್ನೊಬ್ಬಳಿಲ್ಲ. ಕ್ಲಿನಿಕ್ಕಿನಲ್ಲಿ ಒಬ್ಬನ ಹಲ್ಲಿನ ಬಿಲ್ಲು ಇನ್ನೊಬ್ಬನಿಗೆ ಕೊಟ್ಟೆ. ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ವಲೇರಿಯನ್ ನೀರು ಸೇರಿಸಿಕೊಂಡು ಉಂಡರು. ಜನವರಿಯ ಮದುವೆಗಳು ಸಾಲಾಗಿ ಬಂದವು. ನಾನು ಎಲ್ಲದರಲ್ಲೂ ಹಾಡಿದೆ, ಹಾಡುವಾಗಲೂ ಕೈಚೀಲದೊಳಗಿನ ಫೋನಿನ ಮೇಲೇ ಗಮನ. ಅಂಗಳದಲ್ಲಿ ಹೆಂಗಸರು, "ಐವಿಯದ್ದು ಯಾವಾಗ? ಕೇಕಿನವನು ಹೇಳ್ತಿದ್ದ" ಎಂದು ಮೈಮೇಲೆ ಬೀಳುತ್ತಿದ್ದರು. ಒಬ್ಬರಿಗೆ ಒಂದು ಹೇಳಿದೆ, ಇನ್ನೊಬ್ಬರಿಗೆ ಇನ್ನೊಂದು. ಯಾರಿಗೆ ಏನು ಹೇಳಿದ್ದೆನೆಂದು ನನಗೇ ಮರೆತುಹೋಯಿತು.

ಅಬು ಹಲೀಫಾಕ್ಕೆ ಹೋದರೆ ಅಲ್ಲಿ ಇನ್ನೊಂದು ಅವಸ್ಥೆ. ಐವಿ ಊರಿಗೆ ಹೋಗಬೇಕಾಗಿ ಬಂದರೆ ಇರಲಿ ಎಂದು ಸೂಟ್‌ಕೇಸ್ ತುಂಬುತ್ತಿದ್ದಳು, ಮರುದಿನ ರಿಯಾಳ ಯೂನಿಫಾರ್ಮ್ ಬೇಕೆಂದು ಅದನ್ನೇ ಖಾಲಿ ಮಾಡುತ್ತಿದ್ದಳು. ಊರಿಗೆ ಹೋದರೆ ಮುಗಿಯಿತು ಎನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಾಂಯ್ ಒಂದು ಕಡೆ, ಸ್ಟ್ಯಾನಿಯ ಮನೆಯವರು ಇನ್ನೊಂದು ಕಡೆ, ಮಗುವನ್ನು ಮುಂದಿಟ್ಟುಕೊಂಡು ಅವಳನ್ನು ಮತ್ತೆ ಹೊರಗೆ ಬಿಡುವವರಲ್ಲ. ಜೋಬಿ ಮೆಟ್ಟಿಲ ಕೆಳಗೇ ನಿಲ್ಲುತ್ತಿದ್ದ. ಕಾನೂನು ಅಡ್ಡ ಇದೆ ಎಂದು ಗೊತ್ತಾದ ಮೇಲೆ ಅವನು ಐವಿಯ ರೂಮಿನ ಹೊಸ್ತಿಲು ದಾಟಲಿಲ್ಲ. ಗ್ಯಾಸ್ ಸಿಲಿಂಡರನ್ನು ಬಾಗಿಲ ಹೊರಗಿಟ್ಟು ಬೆಲ್ ಒತ್ತಿ ಇಳಿದುಬಿಡುತ್ತಿದ್ದ. ಸಂಜೆ ಮೂವರೂ ಸಮುದ್ರದ ದಂಡೆಯಲ್ಲಿ ನಡೆಯುತ್ತಿದ್ದರು, ಮಧ್ಯದಲ್ಲಿ ರಿಯಾ. ಚಳಿಗಾಳಿ, ಮರಳು, ದೂರದಲ್ಲಿ ಎಣ್ಣೆ ಹಡಗುಗಳ ದೀಪ.

"ಚೇಚಿ, ನಾನು ಎಂತ ಮಾಡ್ಬೇಕು ಹೇಳಿ" ಎಂದು ಒಂದು ಸಂಜೆ ನನ್ನನ್ನು ಕೇಳಿದ. "ಬಿಷಪರ ಮನೆ ಗೇಟಲ್ಲಿ ಕೂತ್ಕೊಳ್ಲಾ?"

"ಕೂತ್ಕೊಳ್ಳಿಕ್ಕೆ ವೀಸಾ ಬೇಕು ಮಾರಾಯಾ" ಎಂದೆ. ಇಬ್ಬರೂ ನಕ್ಕೆವು.

ಎಲ್ಲರಿಗಿಂತ ಸಮಾಧಾನದಲ್ಲಿ ಇದ್ದವಳು ರಿಯಾ. ಕನ್ನಡವೂ ಕೊಂಕಣಿಯೂ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಮೈ ಗಾಡ್‌ಫಾದರ್ ಈಸ್ ಮ್ಯಾರಿಯಿಂಗ್ ಮೈ ಮಮ್ಮಿ, ಬಟ್ ಬಿಷಪ್ ಹ್ಯಾಸ್ ಟು ಅಪ್ರೂವ್" ಎಂದು ಶಾಲಾ ಬಸ್ಸಿನಲ್ಲಿ ಎಲ್ಲರಿಗೂ ಸಾರಿ ಬಂದಿದ್ದಳು. ನಾನು ಗದರಿದರೆ, "ಬಟ್ ಇಟ್ಸ್ ಟ್ರೂ, ಆಂಟಿ" ಎಂದಳು. ಆಮೇಲೆ ಅಂಗಳದಲ್ಲಿ ಯಾರಿಗೂ ಸುಳ್ಳು ಹೇಳುವ ಕಷ್ಟ ನನಗೆ ಉಳಿಯಲಿಲ್ಲ.

ಬೂದಿ ಬುಧವಾರ ಬಂತು. ವಿನಾಯಿತಿ ಬರಲಿಲ್ಲ. ಕೆಲಸ ಬಿಟ್ಟು ಸೀದಾ ಚರ್ಚಿಗೆ ಬಂದ ನೂರಾರು ಜನರ ಜೊತೆ ಸಾಲಿನಲ್ಲಿ ನಿಂತು ನಾವೂ ಹಣೆಗೆ ಬೂದಿ ಹಚ್ಚಿಸಿಕೊಂಡೆವು. ಪೀಠದ ಮೇಲೆ ನೇರಳೆ ಬಟ್ಟೆ, ಒಂದು ಹೂವೂ ಇಲ್ಲ. ನನ್ನ ಲೆಕ್ಕದಲ್ಲಿ ಎಲ್ಲ ಮುಗಿದಿತ್ತು. ಈಸ್ಟರ್ ಬರುವುದು ಐವಿಯ ಇಕಾಮಾ ಮುಗಿದ ಮೇಲೆ. ಮರಳಿ ಬರುವಾಗ ಕಾರಿನಲ್ಲಿ ನಾನು ಹಿಂದಿನ ಸೀಟಿನಲ್ಲಿ ಐವಿಯ ಕೈ ಹಿಡಿದು ಕೂತು ಅಳುತ್ತಿದ್ದೆ, ಅವಳು ಅಳಲಿಲ್ಲ.

ಮುಂದಿನ ವಾರ ಮಧ್ಯಾಹ್ನ ಕ್ಲಿನಿಕ್ಕಿನಲ್ಲಿದ್ದಾಗ ಫಾದರ್ ಫೋನ್ ಮಾಡಿದರು. "ಬಂತು ಗ್ರೆಟ್ಟಾ. ಕೊಟ್ಟಿದ್ದಾರೆ."

ನಾನು ಕೌಂಟರಿನ ಹಿಂದೆ ನಿಂತಲ್ಲೇ ಕಿರುಚಿದೆ. ಬಾಯಿ ತೆರೆದುಕೊಂಡು ಕುರ್ಚಿಯಲ್ಲಿದ್ದ ರೋಗಿಯೂ ಎದ್ದು ಕೂತ. ಆಮೇಲೆ ನೆನಪಾಗಿ, "ಆದ್ರೆ ಫಾದರ್, ತಪಸ್ಸು ಕಾಲ ಅಲ್ವಾ? ಈಗ ಹೇಗೆ ಮದುವೆ?" ಎಂದೆ.

"ಮಾಡಬಾರದು ಅಂತ ಯಾವ ಕಾನೂನೂ ಇಲ್ಲ. ನಮ್ಮ ಪದ್ಧತಿ ಅಷ್ಟೇ" ಎಂದರು. "ಹೂ ಬೇಡ, ಬ್ಯಾಂಡ್ ಬೇಡ, ಗೌಜಿ ಬೇಡ. ಅವಳ ಇಕಾಮಾ ಈಸ್ಟರ್‌ವರೆಗೆ ಕಾಯ್ತದಾ? ಈ ಶುಕ್ರವಾರದಿಂದಲೇ ಘೋಷಣೆ ಓದ್ತೇನೆ."

ತಪಸ್ಸು ಕಾಲದ ಮೂರು ಶುಕ್ರವಾರ ಅವರಿಬ್ಬರ ಹೆಸರು ಓದಿದರು. ಮೊದಲ ಸಲ ಓದಿದಾಗ ಇಡೀ ಚರ್ಚಿನ ತಲೆಗಳು ನಮ್ಮ ಬೆಂಚಿನ ಕಡೆ ತಿರುಗಿದವು. "ಅಡ್ಡಿಯೇನಾದರೂ ಇದ್ದರೆ ತಿಳಿಸಬೇಕು" ಎಂದಾಗ ನನ್ನ ಮಂಡಿ ಕುಣಿಯಲು ಶುರುವಾದದ್ದು ಆವತ್ತೇ. ಅಡ್ಡಿ ಏನೆಂದು ಅರ್ಧ ಚರ್ಚಿಗೆ ಗೊತ್ತಿತ್ತು, ವಿನಾಯಿತಿ ಬಂದದ್ದು ಕೆಲವರಿಗೆ ಮಾತ್ರ. ಯಾವ ಬಾಯಿ ಎಲ್ಲಿ ತೆರೆಯುತ್ತದೋ ಎಂದು ನಾನು ಬೆಂಚನ್ನು ಗಟ್ಟಿಯಾಗಿ ಹಿಡಿದಿದ್ದೆ. ಎರಡನೇ ಶುಕ್ರವಾರ ಹಿಂದಿನ ಸಾಲಿನಲ್ಲಿ ಯಾರೋ ಗಂಟಲು ಸರಿಮಾಡಿದರು, ನನ್ನ ಜೀವ ಹಾರಿಹೋಯಿತು. ಬರಿಯ ಕೆಮ್ಮು. ಮೂರನೇ ಶುಕ್ರವಾರವೂ ದಾಟಿತು.

ಈ ನಡುವೆ ಒಂದು ದಿನ ನಾನು ಮಾಂಯ್‌ಗೆ ಎಲ್ಲವನ್ನೂ ಹೇಳಿದೆ. ನೀನು ಹೇಳಿದ ನಿಯಮ ಸರಿಯೇ ಇತ್ತು, ಬಿಷಪರೇ ಅದನ್ನು ಬಿಡಿಸಿದ್ದಾರೆ ಎಂದೆ. ಐವಿ ಫಾದರ್ ಎದುರು ಹೇಳಿದ ಮಾತನ್ನೂ ಬಚ್ಚಿಡದೆ ಹೇಳಿದೆ. "ಪಾದ್ರಿಯ ಎದುರೇ ಹೇಳಿದ್ಳಾ?" ಎಂದಳು. ಹೌದೆಂದೆ. "ನಾಚಿಕೆ ಇಲ್ಲದವಳು" ಎಂದು ಫೋನ್ ಇಟ್ಟಳು. ಆಮೇಲೆ ನನ್ನ ಫೋನನ್ನೂ ಎತ್ತಲಿಲ್ಲ. ಐವಿಗೆ ನಾನು ಇದನ್ನು ಹೇಳಲಿಲ್ಲ.

ಮಾರ್ಚಿನ ಒಂದು ಮಂಗಳವಾರ ಸಂಜೆ ಮದುವೆಯಾಯಿತು. ಹತ್ತು ಹದಿನೈದು ಜನ, ಆಫೀಸಿನ ಬಟ್ಟೆಯಲ್ಲೇ ಬಂದವರು. ಹೊರಗೆ ಧೂಳೆದ್ದು ಆಕಾಶ ಕಂದು ಬಣ್ಣಕ್ಕೆ ತಿರುಗಿತ್ತು. ಹೂವಿಲ್ಲದ ಪೀಠ, ನೇರಳೆ ಬಟ್ಟೆ. ವಾದ್ಯವಿಲ್ಲದೆ ನಾವು ನಾಲ್ವರು ಹೆಂಗಸರು ಒಂದೇ ಒಂದು ಹಾಡು ಹಾಡಿದೆವು. ಉಂಗುರದ ತಟ್ಟೆ ಹಿಡಿದದ್ದು ರಿಯಾ. ಫಾದರ್ ಕೇಳಿದ ಪ್ರಶ್ನೆಗೆ ಐವಿ "ಹೌದು" ಎಂದದ್ದು ಕೊನೆಯ ಬೆಂಚಿನವರೆಗೂ ಕೇಳಿಸಿತು. ಜೋಬಿಯ "ಹೌದು" ಅವನ ಪಕ್ಕದಲ್ಲಿದ್ದವರಿಗೂ ಕೇಳಿಸಲಿಲ್ಲ. ಫಾದರ್ ಎರಡನೇ ಸಲ ಕೇಳಬೇಕಾಯಿತು.

ಊಟ ನಮ್ಮ ಮನೆಯಲ್ಲಿ. ತಪಸ್ಸು ಕಾಲವೆಂದು ಮಾಂಸವಿಲ್ಲ, ಮೀನು ಸಾರು, ಅನ್ನ, ತಿರುವಿನ ಅಂಗಡಿಯ ಖುಬ್ಬೂಸ್ ರೊಟ್ಟಿ. ಐವಿ ಒಳಗೆ ಹೋಗಿ ಜೋಬಿ ತಂದ ಕೆಂಪು ಸೀರೆ ಉಟ್ಟು ಬಂದಳು. ಎಲ್ಲರೂ ಬಡಿಸಿಕೊಳ್ಳುವ ಗಲಾಟೆಯಲ್ಲಿದ್ದಾಗ ನನ್ನ ಫೋನ್ ಬಡಿದುಕೊಂಡಿತು. ವಿಡಿ‌ಯೊ ಕಾಲ್. ಮಾಂಯ್.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಎತ್ತಿದೆ. ಕನ್ನಡಕ ಹಾಕಿ, ತಲೆ ಬಾಚಿ, ಚರ್ಚಿಗೆ ಹೋಗುವ ಸೀರೆ ಉಟ್ಟು ಕೂತಿದ್ದಳು.

"ಎಲ್ಲಿದ್ದಾಳೆ?" ಎಂದಳು.

ನಾನು ಫೋನನ್ನು ಹಾಲ್ ಕಡೆ ತಿರುಗಿಸಿದೆ. ಐವಿ ನಮ್ಮ ಕಡೆ ನೋಡುತ್ತಿರಲಿಲ್ಲ. ಜೋಬಿಯ ತಟ್ಟೆಗೆ ಮೀನಿನ ತಲೆಯ ಭಾಗ ಹಾಕುತ್ತಿದ್ದಳು. ಅವನು ಸಾಕು ಸಾಕು ಎನ್ನುತ್ತಿದ್ದ, ರಿಯಾ ಅವನ ಮಡಿಲಲ್ಲಿ ನಿದ್ದೆ ಮಾಡುತ್ತಿದ್ದಳು.

"ಫೋನು ಸ್ವಲ್ಪ ಕೆಳಗೆ ಮಾಡು. ಸೀರೆ ಕಾಣ್ಲಿ."

ಕೆಳಗೆ ಮಾಡಿದೆ. ನೆಟ್‌ವರ್ಕ್ ಸರಿ ಉಂಟೋ ಎಂದು ನೋಡಲು ನಾನು ಫೋನನ್ನು ನನ್ನ ಕಡೆ ತಿರುಗಿಸಿದೆ. ಅವಳು ಕನ್ನಡಕ ತೆಗೆದು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ನಿಮ್ಮ ಪಪ್ಪ ಹೋದಾಗ ನನಗೂ ಇವಳಷ್ಟೇ ವರ್ಷ" ಎಂದಳು. "ಎಲ್ಲರೂ ಬಂದ್ರು. ಮಕ್ಕಳಿಗೆ ಎಂತ ಬೇಕು, ಮಕ್ಕಳಿಗೆ ಎಂತ ಬೇಕು ಅಂತ ಕೇಳಿದ್ರು. ನಿನಗೆ ಎಂತ ಬೇಕು ಅಂತ ಒಬ್ಬರೂ ಕೇಳ್ಲಿಲ್ಲ ಗ್ರೆಟ್ಟಾ."

ಅವಳು ಮೂಗು ಒರೆಸಿ, ಕನ್ನಡಕ ಹಾಕಿಕೊಂಡು, ಎಂದಿನ ಗದರುವ ದನಿಗೆ ಬಂದಳು.

"ಎಂತ ನೋಡ್ತಾ ನಿಂತಿದ್ದಿ? ಫೋನು ಅವಳಿಗೆ ಕೊಡು."